ಬಾವಿ ದೂರ ಸರಿದ ಬಗ್ಗೆ

ಶಾಲೆಯ ಅಲಮಾರಿಯಲ್ಲಿ, ಹರಿದ ಹಾಜರಿ ಪುಸ್ತಕಗಳ ಅಡಿಯಲ್ಲಿ
ಒಂದು ನೋಟುಬುಕ್ಕು ಸಿಕ್ಕಿತು. ೧೯೮೭.
ಏಳನೇ ವರ್ಗ, ಭೂಗೋಳ, ನಮ್ಮೂರಿನ ಅಳತೆ,
ಚಿತ್ತಾಪುರ ತಾಲೂಕು, ಗುಲ್ಬರ್ಗಾ ಜಿಲ್ಲೆ.
(ಜಿಲ್ಲೆಯ ಹೆಸರೇ ಬೇರೆ. ಅದು ಮೊದಲ ಬದಲಾವಣೆ
ಅಂತ ಮಕ್ಕಳು ಗುರುತು ಹಾಕಿಕೊಂಡರು.)
ಶಾಲೆಯ ಬಾಗಿಲಿಂದ ಹುಣಸೆ ಮರ: ನೂರಾ ಹದಿನೆಂಟು ಹೆಜ್ಜೆ.
ಶಾಲೆಯ ಬಾಗಿಲಿಂದ ಸಿಹಿನೀರ ಬಾವಿ: ಮುನ್ನೂರಾ ನಲವತ್ತು.
ಕೆಳಗೆ ಕೆಂಪು ಮಸಿಯಲ್ಲಿ: ಹತ್ತಕ್ಕೆ ಆರು. ಅಳತೆ ಸಂಶಯ.

ಇದನ್ನೇ ಮತ್ತೆ ಅಳೆಯೋಣ ಅಂದೆ.
ಈಗಿನ ಏಳನೇ ವರ್ಗ ಇಪ್ಪತ್ತಾರು ಜನ,
ಇದ್ದದ್ದೊಂದು ಟೇಪು, ಅದೂ ದರ್ಜಿ ಮೌಲಾಸಾಬನದು.
ಹತ್ತು ಗಂಟೆಗೇ ಬಿಸಿಲು ಕಲ್ಲಿನ ಮೇಲೆ ಕೂತಿತ್ತು.

ಮೂರು ಗುಂಪು ಹೋಗಿ ಮೂರೂ ಬಂದವು.
ಎಂಟುನೂರಾ ಹನ್ನೆರಡು. ಎಂಟುನೂರಾ ಐದು.
ಸಾಬಣ್ಣನ ಗುಂಪನ್ನು ನಾಯಿ ಅಟ್ಟಿಸಿ ಲೆಕ್ಕ ತಪ್ಪಿ,
"ಸಾವಿರದ ಸುಮಾರು ಇರ್ಬೇಕ್ರಿ."
"ಸರ್, ಬಾವಿ ದೂರ ಸರದದ" ಅಂದಳು ನಾಜ್ನೀನ್.
ನಗಲಿಲ್ಲ. ಹಾಳೆಯಲ್ಲಿ ಹಾಗೆಯೇ ಬರೆದಳು.

ಅಡಿಗೆಕೋಣೆಯಿಂದ ಕಾಶಮ್ಮ ಹೊರಬಂದು ಸೌಟು ಝಾಡಿಸಿದಳು:
"ಬಾವಿ ಎಲ್ಲಿ ಹೋಗ್ತದ? ಇದ್ದಲ್ಲೇ ಅದ.
ನಡುವಿನ ನೆಲ ಹೋಗ್ಯಾದ.
ಆ ಅಳತಿ ನಂದು. ನಾನೇ ಎಣಿಸಿದ್ದು."

ರಟ್ಟು ತಿರುಗಿಸಿ ನೋಡಿದೆ.
ಹೆಜ್ಜೆ ಹಾಕಿದವರು: ಕಾಶಮ್ಮ, ತಂದೆ ಈರಪ್ಪ.
ಆರು ವರ್ಷದಿಂದ ಅವಳ ಕೈಯ ಸಾರು ಉಣ್ಣುತ್ತಿದ್ದೇನೆ.

ಗ್ಯಾಸು ಸಣ್ಣ ಮಾಡಿ ಬಂದಳು.
ಹನ್ನೆರಡರ ಹೆಜ್ಜೆ ಐವತ್ತರ ಕಾಲಿಗೆ ಬರುವುದಿಲ್ಲವಲ್ಲ,
ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ
"ನಾ ಇಷ್ಟೇ ಇದ್ದೆ" ಅಂತ ನಾಜ್ನೀನಳ ಭುಜ ಹಿಡಿದಳು.
ಹುಡುಗಿ ಎಣಿಸಿದಳು, ಇವಳು ದಾರಿ ಹಿಡಿಸಿದಳು,
ಈಗಿನ ಸುತ್ತುಹಾದಿ ಅಲ್ಲ, ಆಗಿನದು:
ಮಾಪಣ್ಣನ ಹಿತ್ತಲೊಳಗೆ ನುಗ್ಗಿ,
ತೊಗರಿ ಕಟಗಿಯ ಬಣವೆ ಬಳಸದೆ ಹತ್ತಿ ಇಳಿದು,
ಮಲಗಿದ ಎಮ್ಮೆಯನ್ನು ಎಬ್ಬಿಸಿ.
ಹುಣಸೆ ಮರ ಮುಟ್ಟಿದಾಗ ನೂರಾ ಹದಿನೆಂಟು.

ಮರದ ಅರ್ಧ ಬೇರು ಮಣ್ಣಲ್ಲಿ, ಅರ್ಧ ಬಯಲಲ್ಲಿ.
ಅಲ್ಲಿಂದಾಚೆ ಖಣಿ.
ಕಡಕ್ ರೊಟ್ಟಿಯ ಅಟ್ಟಿಯ ಹಾಗೆ ಪದರ ಪದರ ಫರಸಿ,
ನಡುವಿನದನ್ನೆಲ್ಲ ಯಾರೋ ಎತ್ತಿಕೊಂಡು ಉಂಡು ಹೋಗಿದ್ದಾರೆ.
ತಳದಲ್ಲಿ ಹಸಿರು ನೀರು, ನೀರಲ್ಲೊಂದು ಹವಾಯಿ ಚಪ್ಪಲಿ.
ಎದುರು ದಂಡೆಯಲ್ಲಿ ಬಾವಿಯ ಗಡಗಡಿ, ಬೆರಳಷ್ಟು.

"ಇಲ್ಲಿತನಕ ಖರೇ" ಅಂದಳು ಕಾಶಮ್ಮ.
"ಇನ್ನ ಎರಡುನೂರಾ ಇಪ್ಪತ್ತೆರಡು ಗಾಳ್ಯಾಗ ಅವ."

ಇಪ್ಪತ್ತಾರು ಜನ ಗಾಳಿಯನ್ನು ನೋಡಿದರು.
ಸಾಬಣ್ಣ ಕಲ್ಲೊಂದನ್ನು ಬಿಟ್ಟ. ಸದ್ದು ಬರಲು ಹೊತ್ತಾಯಿತು.
ಅದನ್ನೂ ಬರೆದುಕೊಂಡರು.

ತರಗತಿಗೆ ಮರಳಿ, ಕೊನೆಯ ಕಾಲಂ:
ಕಾಣೆಯಾದದ್ದು ಈಗ ಎಲ್ಲಿದೆ?
ಪುಣೆ ಅಂದರು, ಸೋಲಾಪುರ ಅಂದರು,
ಹೈದರಾಬಾದಿನಲ್ಲಿ ನಮ್ಮ ಕಾಕಾ ಹಾಸಿದ ಅಂಗಳ ಅಂದ ಒಬ್ಬ.
ಅಂಬಿಕಾ ಮಾತ್ರ ಜಮಖಾನೆ ಸರಿಸಿ
ಕೂತ ನೆಲ ಎಣಿಸುತ್ತಿದ್ದಳು.
"ಸರ್, ಇಲ್ಲೇ ತೊಂಬತ್ತಾರು ಕಲ್ಲು ಸಿಕ್ಕಾವ.
ಉಳಿದಿದ್ದಕ್ಕ ಯಾರ್ಯಾರ ಮನಿಗೆ ಹೋಗಿ ಕೇಳಬೇಕ್ರಿ?"

ಅಷ್ಟರಲ್ಲಿ ತಳ ಹತ್ತಿದ ಅನ್ನದ ವಾಸನೆ.
ಕಾಶಮ್ಮ ಓಡಿದವಳು ಬಾಗಿಲಲ್ಲಿ ನಿಂತಳು:
"ಆ ಆರು ಮಾರ್ಕಿಂದು ಏನ್ ಮಾಡ್ತೀರಿ, ಸರ್?"

ಕೆಂಪು ಪೆನ್ನು ಜೇಬಿನಲ್ಲೇ ಇತ್ತು.
ನೂರಾ ಹದಿನೆಂಟಕ್ಕೆ ಮರದ ಸಾಕ್ಷಿ,
ಉಳಿದದ್ದಕ್ಕೆ ಅವಳ ಮಾತು.
ತೆಗೆಯಬೇಕೆನ್ನುವಾಗ ಇಪ್ಪತ್ತಾರು ತಾಟು
ಒಟ್ಟಿಗೇ ಬಡಿಯತೊಡಗಿದವು.